ಅರವತ್ನಾಲ್ಕು ಸಾಲಿನ ಹಾಡು

ಚಿಕ್ಕವಳ ಗಾಡಿಗೆ ಹೊಸ ಹಾಡು ಬೇಕಾಗಿತ್ತು, ಅದೂ ಸೋಮವಾರದೊಳಗೆ.

ಸುದ್ದಿ ತಂದವಳು ಅವಳೇ. ಬುಧವಾರ ಮಧ್ಯಾಹ್ನ ಮೂರು ಮಹಡಿ ಹತ್ತಿ ಬಂದವಳು, ಬೂಟನ್ನೂ ಬಿಚ್ಚದೆ ಹೊಸ್ತಿಲಲ್ಲಿ ನಿಂತು, "ಅಕ್ಕಾ, ನನ್ನ ಗಾಡಿ ಕಿತ್ಕೋತಾರಂತೆ" ಅಂದಳು.

ದೊಡ್ಡವಳು ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಸ್ವೆಟರಿನ ಎದೆಭಾಗದ ನಕ್ಷೆ ಬರೆಯುತ್ತಿದ್ದಳು. ಹೆಣಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಮನೆಯಲ್ಲೇ ನಕ್ಷೆ ಬರೆಯುವುದು ಅವಳ ಪದ್ಧತಿ. ಪೆನ್ಸಿಲು ಎತ್ತದೆ ಕೇಳಿದಳು: "ಯಾರು?"

"ಗಡಿಯಾರ."

ಗಡಿಯಾರ ಎಂದರೆ ವಾರ್ಡಿನ ಮೇಲ್ವಿಚಾರಕರು. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅವರಿಗೆ ಚಿಕ್ಕವಳೇ ಇಟ್ಟ ಹೆಸರು. ಗಾಡಿ ಎಂದರೆ ಕಸದ ಗಾಡಿ. ಆರು ವರ್ಷದಿಂದ ಅದನ್ನು ಓಡಿಸುತ್ತಿದ್ದವಳು ಅವಳು. ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದು ಬೀದಿ ಸುತ್ತಬೇಕು. ಬೀದಿಗೆ ಎರಡೇ ನಿಮಿಷ. ಗಾಡಿ ನಿಲ್ಲಿಸಿ ಗುಂಡಿ ಒತ್ತಿದರೆ ನೆತ್ತಿಯ ಮೇಲಿನ ಪೆಟ್ಟಿಗೆ ಹಾಡುತ್ತದೆ, ಜನ ಇಳಿದು ಬಂದು ಚೀಲ ಕೊಡುತ್ತಾರೆ, ಗಾಡಿ ಮುಂದಕ್ಕೆ ಹೋಗುತ್ತದೆ.

ಆ ಹಾಡೇ ಈಗ ಕುತ್ತಾಗಿತ್ತು. ಎಂಟು ವರ್ಷದ ಹಳೆಯ ಹಾಡು. ಕೇಳಿ ಕೇಳಿ ಬೀದಿಯವರ ಕಿವಿಗೆ ಅದು ಫ್ಯಾನಿನ ಸದ್ದಾಗಿಬಿಟ್ಟಿತ್ತು. ಗಾಡಿ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ತಡವಾಗಿ ಓಡಿ ಬಂದವರು ಅತ್ತಿತ್ತ ನೋಡಿ, ಚೀಲವನ್ನು ಬೀದಿಯ ಮೂಲೆಗೆ ಇಟ್ಟು, ತಮ್ಮದಲ್ಲ ಎಂಬ ಮುಖ ಮಾಡಿಕೊಂಡು ಮನೆ ಸೇರುತ್ತಿದ್ದರು. ಮೂಲೆಗಳಲ್ಲಿ ಚೀಲ ಬೆಳೆದವು. ಚೀಲದ ಜೊತೆ ದೂರುಗಳೂ ಬೆಳೆದವು.

"ಸೋಮವಾರ ಮೆಟ್ಟಿಲು ಬೀದಿಗೆ ಅವರೇ ಬಂದು ನಿಂತ್ಕೋತಾರಂತೆ" ಅಂದಳು ಚಿಕ್ಕವಳು. "ಎರಡು ನಿಮಿಷದಲ್ಲಿ ಜನ ಬಂದ್ರೆ ಸರಿ. ಇಲ್ಲದಿದ್ರೆ ನನ್ನ ಬೀದಿಗಳೆಲ್ಲ ದೊಡ್ಡ ಲಾರಿಗೆ. ನಾನು ಶೆಡ್ಡಿಗೆ."

ಕಸ ವಿಂಗಡಿಸುವ ಶೆಡ್ಡು ಅದು. ಅಲ್ಲಿ ರಬ್ಬರಿನ ಪಟ್ಟಿ ಓಡುತ್ತದೆ, ಮನುಷ್ಯರು ನಿಂತಿರುತ್ತಾರೆ. ಚಿಕ್ಕವಳು ಒಂದೇ ಕಡೆ ನಿಂತಿರುವ ಪೈಕಿಯವಳಲ್ಲ. ಸಣ್ಣವಳಿದ್ದಾಗ ಊಟಕ್ಕೂ ಒಂದು ಕಡೆ ಇರುತ್ತಿರಲಿಲ್ಲ, ತಟ್ಟೆ ಹಿಡಿದುಕೊಂಡು ಮನೆಯೆಲ್ಲ ಸುತ್ತುತ್ತಿದ್ದಳು. ಸ್ಟೇರಿಂಗು ಕೈಗೆ ಬಂದ ಮೇಲೇ ಅವಳು ಜೀವನದಲ್ಲಿ ಮೊದಲ ಸಲ ಕೂತದ್ದು ಎಂದು ಮಾವ ಹೇಳುವುದುಂಟು.

ಮಾವ ಎಂದರೆ ಅವರ ತಾಯಿಯ ತಮ್ಮ. ಮನೆ ಅವರದು, ಕಿಟಕಿಯ ಪಕ್ಕದ ಕುರ್ಚಿಯೂ ಅವರದು. ಮೂವತ್ತು ವರ್ಷ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಡಿದು ಬಲಗಿವಿ ಕಳೆದುಕೊಂಡವರು. ಅಕ್ಕತಂಗಿಯರನ್ನು ದೊಡ್ಡವಳು, ಚಿಕ್ಕವಳು ಎಂದು ಕರೆದು ಕರೆದು, ಈಗ ಮೂರು ಮಹಡಿಯವರೂ ಹಾಗೇ ಕರೆಯುತ್ತಿದ್ದರು. ನಿವೃತ್ತರಾದ ಮೇಲೆ ಅವರು ಕುರ್ಚಿ ಬಿಟ್ಟು ಏಳುವುದನ್ನೇ ಒಂದು ಹುದ್ದೆಯ ಹಾಗೆ ತ್ಯಜಿಸಿದ್ದರು. ಊಟಕ್ಕೆ ಎರಡು ಸಲ, ಸ್ನಾನಕ್ಕೆ ಮೂರು ಸಲ ಕೂಗಬೇಕು. ಕಸದ ಚೀಲ ಹಿಡಿದು ಕೆಳಗಿಳಿಯುವ ಮಾತಂತೂ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಬೇರೆ ಹಾಡು ಹಾಕಿದ್ರಾಯ್ತಪ್ಪ, ಅದಕ್ಯಾಕೆ ಇಷ್ಟು ಮುಖ" ಅಂದರು ಮಾವ ಎಡಗಿವಿ ತಿರುಗಿಸಿ.

"ಹಾಕಕ್ಕಾಗಲ್ಲ ಮಾವ. ಪೆಟ್ಟಿಗೇಲಿ ಜಾಗ ಇಲ್ಲ." ಚಿಕ್ಕವಳು ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಗ್ರಾಫ್ ಹಾಳೆಯ ಮೇಲಿಟ್ಟಳು. "ರೇಡಿಯೋ ರಿಪೇರಿಯವರು ಕೊಟ್ರು. ಆ ಪೆಟ್ಟಿಗೆ ಹಾಡನ್ನ ಹಾಡಿನ ಹಾಗೆ ಇಟ್ಕೊಳ್ಳಲ್ಲಂತೆ. ಯಾವ ಸದ್ದು, ಯಾವ ಸಾಲಲ್ಲಿ, ಎಷ್ಟು ಎತ್ತರಕ್ಕೆ ಅಂತ ಒಂದು ಪಟ್ಟಿ ಇಟ್ಕೊಳ್ಳುತ್ತಂತೆ. ಅದನ್ನ ಬರೆಯೋ ಸಾಫ್ಟ್‌ವೇರು ಇದು. ಟ್ರ್ಯಾಕರ್ ಅಂತೆ ಇದರ ಹೆಸರು. ನಿಮ್ಮಕ್ಕ ಗ್ರಾಫ್ ಹಾಳೆ ಬರೀತಾರಲ್ಲ, ಅದೇ ಇದು, ಅವರಿಗೆ ನಾನು ಹೇಳ್ಕೊಡೋದೇನಿದೆ ಅಂದ್ರು."

ದೊಡ್ಡವಳು ಆಗ ಪೆನ್ಸಿಲು ಕೆಳಗಿಟ್ಟಳು.

"ತಾ, ನೋಡೋಣ."

ಕಾರ್ಖಾನೆ ಕೊಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಅದು ತೆರೆದುಕೊಂಡಿತು. ಕಪ್ಪು ಪರದೆ, ನಾಲ್ಕು ಕಂಬಸಾಲು, ಅರವತ್ನಾಲ್ಕು ಅಡ್ಡಸಾಲು. ಪ್ರತಿ ಖಾನೆಯಲ್ಲೂ ಮೂರು ಸಣ್ಣ ಗೀಟು. ಏನೂ ಬರೆದಿಲ್ಲ ಎಂದು ಅದರ ಅರ್ಥ. ಗೀಟಿನ ಜಾಗದಲ್ಲಿ ಸ್ವರದ ಅಕ್ಷರ ಹಾಕಿದರೆ ಅಲ್ಲಿ ಸದ್ದಾಗುತ್ತದೆ, ಹಾಕದಿದ್ದರೆ ಮೌನ. ನಾಲ್ಕು ಕಂಬ ಎಂದರೆ ಒಟ್ಟಿಗೆ ನಾಲ್ಕು ಸದ್ದು.

ದೊಡ್ಡವಳಿಗೆ ನಗು ಬಂತು. "ಇಷ್ಟೇನಾ!"

ಅವಳ ಧೈರ್ಯಕ್ಕೆ ಕಾರಣವಿತ್ತು. ಹದಿನೈದು ವರ್ಷದಿಂದ ಅವಳು ಬರೆದ ನಕ್ಷೆ ನೋಡಿಯೇ ಯಂತ್ರದವರು ಸ್ವೆಟರು ಹೆಣೆಯುತ್ತಿದ್ದರು. ಒಂದು ಚೌಕಕ್ಕೆ ಒಂದು ಕುಣಿಕೆ. ಬಣ್ಣ ತುಂಬಿದ ಚೌಕದಲ್ಲಿ ಬಣ್ಣದ ನೂಲು, ಖಾಲಿ ಚೌಕದಲ್ಲಿ ಬಿಳಿ. ಇನ್ನೂರು ಚೌಕ ಅಗಲದ ಜಿಂಕೆಯನ್ನು ಕೊಂಬಿನ ತುದಿಯೂ ತಪ್ಪದ ಹಾಗೆ ಬರೆದವಳಿಗೆ ನಾಲ್ಕು ಕಂಬ ಯಾವ ಲೆಕ್ಕ? ಹಾಡು ಬಾರದಿದ್ದರೇನು. ಜಿಂಕೆಯನ್ನೂ ಅವಳು ಕಂಡವಳಲ್ಲ.

ಮೊದಲು ಸದ್ದು ಬೇಕಿತ್ತು. ಗುರುವಾರ ಮಧ್ಯಾಹ್ನ ಅಡುಗೆಮನೆಯ ಕಿಟಕಿ ಮುಚ್ಚಿ, ಚಿಕ್ಕವಳ ಫೋನನ್ನು ಹತ್ತಿರ ಹಿಡಿದು, ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡಿದರು. ಬಾಣಲೆ ಬೊಬ್ಬೆ ಹೊಡೆಯಿತು. ಮುಚ್ಚಳ ಗೊಣಗಿತು. ಸ್ಟೀಲಿನ ಲೋಟಕ್ಕೆ ಚಮಚದ ಹಿಂಬದಿಯಿಂದ ಹೊಡೆದಾಗ ಮಾತ್ರ ಸಣ್ಣಗೆ, ತೆಳ್ಳಗೆ, ಗೋಡೆ ದಾಟಿ ಹೋಗುವಂಥ ಒಂದು 'ಟಿಣ್' ಬಂತು.

"ಇದು" ಅಂದಳು ಚಿಕ್ಕವಳು. "ಈರುಳ್ಳಿ ಹೆಚ್ಚುತ್ತಿದ್ರೂ ಕೇಳಬೇಕು, ತಲೆ ಮೇಲೆ ನೀರು ಸುರ್ಕೋತಿದ್ರೂ ಕೇಳಬೇಕು. ಇದೇ ಸರಿ."

ಆ ಒಂದು ಏಟನ್ನು ಟ್ರ್ಯಾಕರಿಗೆ ಕೊಟ್ಟರು. ಕೀಲಿಮಣೆಯ ಒಂದೊಂದು ಅಕ್ಷರ ಒತ್ತಿದರೆ ಅದೇ ಲೋಟ ಮೇಲಕ್ಕೆ ಹೋಯಿತು, ಕೆಳಕ್ಕೆ ಇಳಿಯಿತು. ಒಂದು ಲೋಟ ಇಪ್ಪತ್ತು ಲೋಟವಾಯಿತು. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಡ್ರಮ್ಮೆಲ್ಲಿ?" ಎಂದು ಕುರ್ಚಿಯಿಂದ ಕೂಗು ಬಂತು.

"ಕಸದ ಗಾಡಿಗೆ ಡ್ರಮ್ ಯಾಕೆ ಮಾವ?"

"ಡ್ರಮ್ ಇಲ್ಲದ ಹಾಡು ಹಾಡೇ ಅಲ್ಲ, ಸೊಳ್ಳೆ! ಮಂಚದ ಕೆಳಗಿದೆ, ಎಳ್ಕೊಂಡು ಬನ್ನಿ."

ಎಳೆದು ತಂದು ಕುರ್ಚಿಯ ಮುಂದಿಟ್ಟರು. ಮಾವ ಕೂತಲ್ಲಿಂದಲೇ ಒಂದು ಏಟು ಕೊಟ್ಟರು. ಕೆಳಗಿನ ಮನೆಯವರು ಕಿಟಕಿಯಿಂದ ತಲೆ ಹಾಕಿ, "ಏನು ಬಿತ್ತು?" ಅಂದರು. ಡ್ರಮ್ಮಿನ ಸದ್ದೂ ಒಳಗೆ ಹೋಯಿತು.

ಹಾಡನ್ನು ದೊಡ್ಡವಳು ಮೊದಲು ಗ್ರಾಫ್ ಹಾಳೆಯ ಮೇಲೆ ಬರೆದಳು. ಪರದೆಯ ಮೇಲೆ ಯೋಚಿಸುವುದು ಅವಳಿಗೆ ಒಗ್ಗದು. ಐದೇ ಸ್ವರ ಇಟ್ಟುಕೊಂಡಳು, ಬಣ್ಣ ಕಡಿಮೆಯಾದಷ್ಟೂ ತಪ್ಪು ಕಡಿಮೆ ಎಂಬ ಲೆಕ್ಕದಲ್ಲಿ. ಸ್ವೆಟರಿನ ಅಂಚಿಗೆ ಹೂ ಹಾಕುವಂತೆ ನಾಲ್ಕು ಸ್ವರದ ಒಂದು ಸಣ್ಣ ಗೊಂಚಲು ಮಾಡಿ ಎರಡು ಸಲ ಇಟ್ಟಳು. ಮೂರನೆಯ ಸಲ ಅದನ್ನೇ ಸ್ವಲ್ಪ ತಿರುಚಿದಳು. ನಾಲ್ಕನೆಯದನ್ನು ಮೆಟ್ಟಿಲಿಳಿದಂತೆ ಇಳಿಸಿ ತಂದು, ತಳದ ಸ್ವರದಲ್ಲಿ ನಿಲ್ಲಿಸಿ, ಮೇಲೊಂದು ಡ್ರಮ್ಮಿನ ಏಟು ಹಾಕಿ ಮುಗಿಸಿದಳು. ಎಂಟು ಸಾಲಿಗೊಂದು ಡ್ರಮ್ಮು. ಮನಸ್ಸಿನಲ್ಲೇ ಎರಡು ಸಲ ಓಡಿಸಿ ನೋಡಿದಳು. ಎಲ್ಲಿಂದಲೋ ಹಾರಿ ಬಂದ ಹಕ್ಕಿ ಕೊಂಬೆಯ ಮೇಲೆ ಕೂತಂತೆ ಇತ್ತು. ಚೆನ್ನಾಗಿತ್ತು.

ಶುಕ್ರವಾರ ಹಾಳೆಯನ್ನು ಎದುರಿಗಿಟ್ಟು ಪರದೆಗೆ ಇಳಿಸಲು ಕೂತಳು. ಹಾಳೆಯ ಕೆಳಗಿನ ಸಾಲು ಪರದೆಯ ಕೆಳಗಿನ ಸಾಲಿಗೆ, ಅದರ ಮೇಲಿನದು ಅದರ ಮೇಲಕ್ಕೆ. ಆದರೆ ಸಾಫ್ಟ್‌ವೇರು ಬರೆದವನಿಗೆ ಬುದ್ಧಿ ಕಡಿಮೆ ಎಂದು ಅವಳಿಗೆ ಬೇಗ ತಿಳಿಯಿತು. ಸಾಲುಗಳ ಸಂಖ್ಯೆಯನ್ನು ಮೇಲಿನಿಂದ ಶುರು ಮಾಡಿದ್ದ. ಒಂದು ಸ್ವರ ಬರೆದೊಡನೆ ಕರ್ಸರು ಕೆಳಕ್ಕೆ ಜಾರುತ್ತಿತ್ತು. ಅವಳು ಅದನ್ನು ಬಾಣದ ಕೀಲಿಯಿಂದ ಎರಡು ಹೆಜ್ಜೆ ಮೇಲಕ್ಕೆ ಎಳೆದು ತರಬೇಕಾಗಿತ್ತು. ತಂದಳು, ಅರವತ್ನಾಲ್ಕು ಸಾಲಿಗೂ. "ಎಣಿಕೆ ತಲೆಕೆಳಗು ಹಾಕಿಟ್ಟಿದ್ದಾನೆ ಪುಣ್ಯಾತ್ಮ" ಎಂದು ಒಂದು ಸಲ ಗೊಣಗಿದಳು. ತಂಗಿ ಪಕ್ಕದಲ್ಲಿ ಬಟ್ಟೆ ಮಡಚುತ್ತ ಹೂಂಗುಟ್ಟಿದಳು.

ಮುಗಿದ ಮೇಲೆ ದೊಡ್ಡವಳು ಕುರ್ಚಿ ಹಿಂದಕ್ಕೆ ಸರಿಸಿ, "ಮಾವ, ಕೇಳಿ" ಎಂದು ಕೂಗಿ, ಹಾಡು ನುಡಿಸುವ ಕೀಲಿ ಒತ್ತಿದಳು.

ಹಾಡು ಮುಗಿಯಬೇಕಾದ ಸ್ವರದಿಂದ ಶುರುವಾಯಿತು. ತಳದಿಂದ ಹೊರಟು ಮೆಟ್ಟಿಲು ಹತ್ತಿತು. ತಿರುಚಿದ ಗೊಂಚಲು ಮೊದಲು ಬಂತು, ನೆಟ್ಟಗಿನದು ಆಮೇಲೆ. ಡ್ರಮ್ಮು ತಡವಾಗಿ ಬಂದ ನೆಂಟನ ಹಾಗೆ ಕಂಡಕಂಡಲ್ಲಿ ನುಗ್ಗಿತು. ಕೊನೆಗೆ ಮೂರು ಸ್ವರ ಮೇಲೆ ಮೇಲೆ ಹೋಗಿ, ಅಲ್ಲೇ ಗಾಳಿಯಲ್ಲಿ, ಫಕ್ಕನೆ ನಿಂತವು.

ಆಚೆ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು. ಚಪ್ಪಲಿ ಎಳೆಯುವ ಸದ್ದು ಬಂತು. ಮಾವ ಬಾಗಿಲಲ್ಲಿ ನಿಂತಿದ್ದರು.

"ಮುಂದೆ?"

"ಮುಂದೇನಿಲ್ಲ ಮಾವ."

"ಏನಿಲ್ಲ ಅಂದ್ರೆ? ಕಾಲೆತ್ತಿಸಿ ನಿಲ್ಲಿಸಿಬಿಟ್ಟಿದ್ದೀಯಲ್ಲೇ! ಇಳಿಸು!"

ಚಿಕ್ಕವಳು ಬಟ್ಟೆಯ ರಾಶಿಯ ಮೇಲೆ ಬಿದ್ದು ನಗುತ್ತಿದ್ದಳು. "ಅಕ್ಕಾ, ಆ ಪಟ್ಟಿ ನೋಡೇ! ಮೇಲಿಂದ ಕೆಳಗೆ ಓಡ್ತಿದೆ! ನೀನು ಹಾಡಿಗೆ ಸ್ವೆಟರ್ ಹಾಕಿದ್ದೀಯ, ಕಾಲಿಗೆ ತೋಳು ತೂರಿಸಿ!"

ದೊಡ್ಡವಳು ಮತ್ತೊಮ್ಮೆ ನುಡಿಸಿ ನೋಡಿದಳು. ನಿಜವಾಗಿತ್ತು. ಹೊಳೆಯುವ ಪಟ್ಟಿಯೊಂದು ಮೇಲಿನ ಸಾಲಿನಿಂದ ಇಳಿದು ಬರುತ್ತಿತ್ತು, ಮುಟ್ಟಿದ ಸಾಲು ನುಡಿಯುತ್ತಿತ್ತು. ಹೆಣಿಗೆ ಬೆಳೆಯುವುದು ಕೆಳಗಿನ ಅಂಚಿನಿಂದ ಕತ್ತಿನ ಕಡೆಗೆ. ಹೆಣಿಗೆಯ ನಕ್ಷೆಯನ್ನು ಲೋಕದಲ್ಲಿ ಯಾರೇ ಬರೆದರೂ ಮೊದಲ ಸಾಲು ಹಾಳೆಯ ತಳದಲ್ಲಿರುತ್ತದೆ. ಹದಿನೈದು ವರ್ಷ ಕೆಳಗಿನಿಂದ ಮೇಲಕ್ಕೆ ಓದಿದ ಕಣ್ಣಿಗೆ ಲೋಕದಲ್ಲಿ ಬೇರೆ ದಾರಿಯೂ ಇದೆ ಎಂದು ಹೊಳೆದಿರಲೇ ಇಲ್ಲ.

"ಇದನ್ನ ಮಾಡಿದವನಿಗೆ ಹೆಣಿಗೆ ಬರಲ್ಲ" ಅಂದಳು, ಸೋಲದೆ.

ಇಡೀ ಹಾಡನ್ನು ಅಳಿಸಿದಳು. ಈ ಸಲ ಹಾಳೆಯ ಕೆಳಗಿನ ಸಾಲನ್ನು ಪರದೆಯ ಮೇಲಿನ ಸಾಲಿಗೆ ಹಾಕುತ್ತ ಇಳಿದು ಬಂದಳು. ಕರ್ಸರು ತಾನಾಗಿ ಜಾರಿ ದಾರಿ ಮಾಡಿಕೊಟ್ಟಿತು. ಅರ್ಧ ಗಂಟೆಯ ಕೆಲಸ. ನುಡಿಸಿದಾಗ ಹಕ್ಕಿ ಹಾರಿ ಬಂದು, ಕೊಂಬೆಯ ಮೇಲೆ ಕೂತು, ರೆಕ್ಕೆ ಮಡಚಿಕೊಂಡಿತು. ಕೊನೆಯ ಡ್ರಮ್ಮಿಗೆ ಸರಿಯಾಗಿ ಮಾವ, ಅಷ್ಟರಲ್ಲಿ ಮತ್ತೆ ಕುರ್ಚಿ ಸೇರಿದ್ದವರು, ತಲೆ ಆಡಿಸಿ ಕಣ್ಣು ಮುಚ್ಚಿದರು. "ಆಂ. ಇದು ಹಾಡು."

ಸಂಜೆಗೆ ರೇಡಿಯೋ ರಿಪೇರಿಯವರು ಅದನ್ನು ಪೆಟ್ಟಿಗೆಗೆ ತುಂಬಿಕೊಟ್ಟರು. ಗುಂಡಿ ಒತ್ತಿದರೆ ಇಪ್ಪತ್ತು ಸೆಕೆಂಡಿನ ಹಾಡು. ಬೇಕೆಂದರೆ ಮತ್ತೆ ಒತ್ತಬೇಕು.

ಶನಿವಾರ ಮಧ್ಯಾಹ್ನ ಚಿಕ್ಕವಳು ಬಂದಳು. ಬಾಗಿಲಲ್ಲೇ ಬೂಟು ಬಿಚ್ಚಿ ಒಂದರ ಪಕ್ಕ ಒಂದು ಜೋಡಿಸಿಟ್ಟಳು. ಅವಳು ಬೂಟು ಜೋಡಿಸಿದಳೆಂದರೆ ಒಳಗೆ ಏನೋ ಕುಸಿದಿದೆ ಎಂದೇ ಲೆಕ್ಕ.

"ಯಾರೂ ಬರಲಿಲ್ವಾ?"

"ಕಿಟಕಿಗೆ ಬಂದ್ರು ಕಣೇ. ಚೆನ್ನಾಗಿ ಕೇಳಿದ್ರು. ಎರಡನೇ ಮಹಡಿ ಹೆಂಗಸು ಬಾಯಲ್ಲಿ ಬ್ರಷ್ ಇಟ್ಕೊಂಡೇ ಹೆಬ್ಬೆರಳು ತೋರಿಸಿದ್ಲು. ಒಬ್ಬರು ಮೇಷ್ಟ್ರು ಇನ್ನೊಂದ್ಸಲ ಹಾಕಮ್ಮ ಅಂದ್ರು, ಹಾಕಿದೆ. ಕೇಳಿ ಒಳಗೆ ಹೋದ್ರು." ಅವಳು ನೆಲದ ಮೇಲೆ ಕೂತಳು. "ಮೆಟ್ಟಿಲು ಬೀದಿಲಿ ಇಳಿದು ಬಂದೋರು ಏಳು ಜನ. ಮೂಲೇಲಿ ಚೀಲ ಹದಿನಾರು. ಹೋಗ್ಲಿ ಬಿಡು ಅಕ್ಕ. ಶೆಡ್ಡಲ್ಲಿ ಕೈಗವಸು ಅವರೇ ಕೊಡ್ತಾರಂತೆ."

ಸಮಾಧಾನದ ಮಾತು ದೊಡ್ಡವಳಿಗೆ ಬಾರದು. ತಂಗಿಗೆ ಒಂದು ಲೋಟ ನೀರು ಕೊಟ್ಟು, ಮೇಜಿಗೆ ಹೋಗಿ ಗ್ರಾಫ್ ಹಾಳೆಯನ್ನು ನೋಡುತ್ತ ಕೂತಳು.

ಎಲ್ಲಿ ತಪ್ಪಿತು? ಸದ್ದು ತಪ್ಪಿಲ್ಲ, ಎಲ್ಲರಿಗೂ ಕೇಳಿಸಿದೆ. ಹಾಡು ತಪ್ಪಿಲ್ಲ, ಮೇಷ್ಟ್ರು ಎರಡು ಸಲ ಕೇಳಿದ್ದಾರೆ. ಮನಸ್ಸಿನಲ್ಲೇ ಮತ್ತೆ ಓಡಿಸಿದಳು. ಹಕ್ಕಿ ಬಂತು, ಕೂತಿತು, ರೆಕ್ಕೆ ಮಡಚಿತು. ಅಷ್ಟೇ. ಅದರ ಜೊತೆಗೆ ಕೇಳುವವರೂ ಕೂತುಬಿಡುತ್ತಿದ್ದರು.

ಕಾರ್ಖಾನೆಯಲ್ಲಿ ಹೆಣಿಗೆಯ ಕೊನೆಯ ಸಾಲಿಗೆ ಕುಣಿಕೆ ಮುಚ್ಚುತ್ತಾರೆ. ಒಂದರೊಳಗೆ ಒಂದನ್ನು ಎಳೆದು ಗಂಟು ಹಾಕಿಬಿಟ್ಟರೆ ಆಯಿತು, ಅದನ್ನು ಎಲ್ಲಿ ಬೇಕಾದರೂ ಎಸೆದು ಊಟಕ್ಕೆ ಹೋಗಬಹುದು. ಮುಚ್ಚದೆ ಬಿಟ್ಟರೆ ಮಾತ್ರ ಯಾರೂ ಅದನ್ನು ಬಿಟ್ಟು ಕದಲರು. ಗಂಟೆ ಹೊಡೆದರೂ, ಹೊಟ್ಟೆ ಹಸಿದರೂ, ಬಿಚ್ಚಿಹೋದೀತೆಂದು ಒಂದು ಕೈ ಅದರ ಮೇಲಿಟ್ಟುಕೊಂಡೇ ಇರುತ್ತಾರೆ.

"ಮಾವ" ಎಂದು ಕರೆದಳು. "ನಿನ್ನೆ ನೀವ್ಯಾಕೆ ಎದ್ರಿ?"

"ಎದ್ದೆನಾ?"

"ಎದ್ರಿ. ಬಾಗಿಲವರೆಗೆ ನಡ್ಕೊಂಡು ಬಂದ್ರಿ. ಯಾರೂ ಕೂಗಿರಲಿಲ್ಲ."

ಮಾವ ಸ್ವಲ್ಪ ನಾಚಿದಂತೆ ಕಂಡರು. "ಮತ್ತಿನ್ನೇನು ಮಾಡ್ಲಿ? ಕಾಲೆತ್ತಿಸಿ ನಿಲ್ಲಿಸಿದ್ದೆ ನೀನು. ಮೂವತ್ತು ವರ್ಷ ಬ್ಯಾಂಡಲ್ಲಿ ಕೊನೇ ಏಟು ನನ್ನದು ಕಣಮ್ಮ. ಅದು ಬೀಳದೆ ಇದ್ರೆ ಮೈಯೆಲ್ಲ ಇರುವೆ ಹರಿದ ಹಾಗಾಗುತ್ತೆ."

"ಎರಡನೇ ಸಲ ಹಾಕಿದಾಗ ಏಳಲಿಲ್ಲ."

"ಎರಡನೇದು ಚೆನ್ನಾಗಿತ್ತಲ್ಲ. ಮುಗೀತು."

"ಅದೇ" ಅಂದಳು ದೊಡ್ಡವಳು. ಪೆನ್ಸಿಲಿನ ತುದಿ ನೋಡಿಕೊಂಡು, ಚೂಪು ಮಾಡಲು ಎದ್ದಳು. "ಚೆನ್ನಾಗಿದ್ದದ್ದೇ ತಪ್ಪಾಯ್ತು."

ಚಿಕ್ಕವಳಿಗೆ ಅರ್ಥವಾಗಲಿಲ್ಲ. ದೊಡ್ಡವಳು ವಿವರಿಸುವ ಗೋಜಿಗೆ ಹೋಗಲಿಲ್ಲ. "ರೇಡಿಯೋದವರು ಭಾನುವಾರ ಅಂಗಡಿ ತೆಗೀತಾರಾ?"

"ತೆಗೆಯಲ್ಲ. ಮನೆ ಗೊತ್ತು."

"ನಾಳೆ ಮಧ್ಯಾಹ್ನ ಬರ್ತೀವಿ ಅಂತ ಹೇಳಿಡು."

ಭಾನುವಾರ ಬೆಳಿಗ್ಗೆ ಅವಳು ಹಾಡನ್ನು ಮೂರನೆಯ ಸಲ ಬರೆದಳು. ಹಾಳೆ ಇದ್ದೇ ಇತ್ತು. ಅದನ್ನು ಮೇಲಿನ ಸಾಲಿನಿಂದ ಓದುತ್ತ ಪರದೆಯಲ್ಲೂ ಮೇಲಿನಿಂದ ಇಳಿಸಿದಳು. ಶುಕ್ರವಾರದ ತಪ್ಪೇ ಮತ್ತೆ ಎದ್ದು ಬಂತು. ಆದರೆ ತಪ್ಪನ್ನು ತಪ್ಪಾಗಿಯೇ ಬಿಡುವುದು ಅವಳ ಸ್ವಭಾವವಲ್ಲ. ಅಡ್ಡಾದಿಡ್ಡಿ ಬರುತ್ತಿದ್ದ ಡ್ರಮ್ಮನ್ನು ಎತ್ತಿ ಮೊದಲ ಸಾಲಿಗೆ ತಂದಳು, ಅಲ್ಲಿಂದ ಎಂಟೆಂಟು ಸಾಲಿಗೆ ಸರಿಯಾಗಿ ಕೂರಿಸಿದಳು. ಗೊಂಚಲುಗಳ ನಡುವೆ ಅಂತರ ಹೆಚ್ಚುಕಡಿಮೆಯಾದ ಕಡೆ ಒಂದೆರಡು ಸಾಲು ಮೇಲೆ ಕೆಳಗೆ ಸರಿಸಿದಳು. ಕೊನೆಯಲ್ಲಿ ಮೇಲಕ್ಕೆ ಹೋಗುವ ಮೂರು ಸ್ವರಗಳ ಸದ್ದನ್ನು ಒಂದಕ್ಕಿಂತ ಒಂದು ಹೆಚ್ಚು ಮಾಡಿದಳು. ಆಮೇಲೆ, ಎಲ್ಲರೂ ಕಾಯುವ ಆ ಡ್ರಮ್ಮಿನ ಏಟು ಬೀಳಬೇಕಾದ ಸಾಲಿಗೆ ಬಂದು, ಅಲ್ಲಿ ಏನೂ ಬರೆಯಲಿಲ್ಲ. ಮೂರು ಗೀಟನ್ನು ಹಾಗೇ ಬಿಟ್ಟಳು.

ಅರವತ್ನಾಲ್ಕು ಸಾಲಿನಲ್ಲಿ ಅವಳು ಹೆಚ್ಚು ಹೊತ್ತು ನೋಡಿದ್ದು ಆ ಖಾಲಿ ಸಾಲನ್ನೇ.

ನುಡಿಸಿದಳು. ಕುರ್ಚಿ ಕಿರುಗುಟ್ಟಿತು. "ಏಯ್ ದೊಡ್ಡವಳೇ!"

"ಕೂತ್ಕೊಳ್ಳಿ ಮಾವ" ಎಂದು ದೊಡ್ಡವಳು ಅಲ್ಲಿಂದಲೇ ಕೂಗಿದಳು. ಮೂರು ದಿನದಲ್ಲಿ ಮೊದಲ ಸಲ ತಂಗಿಯ ಕಡೆ ತಿರುಗಿ ನಕ್ಕಳು. "ಗುಂಡಿ ಒಂದೇ ಸಲ ಒತ್ತಬೇಕು, ತಿಳೀತಾ? ಎರಡನೇ ಸಲ ಒತ್ತಿದ್ರೆ ಮೊದಲ ಸ್ವರ ಬಂದು ಮುಗಿದ ಹಾಗೆ ಕೇಳಿಸಿಬಿಡುತ್ತೆ. ಒಂದೇ ಸಲ ಒತ್ತಿ ಕೈಕಟ್ಕೊಂಡು ಕೂತಿರು."

"ಎರಡು ನಿಮಿಷಾನೂ?"

"ಎರಡು ನಿಮಿಷಾನೂ."

"ಅದು ನನಗೆ ಶೆಡ್ಡಿಗಿಂತ ಕಷ್ಟ ಕಣೇ."

ಸೋಮವಾರ ದೊಡ್ಡವಳು ಕಾರ್ಖಾನೆಗೆ ರಜೆ ಹೇಳಿ ಗಾಡಿಯಲ್ಲಿ ತಂಗಿಯ ಪಕ್ಕ ಕೂತಳು. ಮೆಟ್ಟಿಲು ಬೀದಿ ಹೆಸರಿಗೆ ತಕ್ಕ ಹಾಗಿತ್ತು. ಎರಡೂ ಕಡೆ ನಾಲ್ಕು ಮಹಡಿಯ ಮನೆಗಳು, ಬೀದಿಯ ಕೊನೆಗೆ ಮೇಲಿನ ರಸ್ತೆಗೆ ಹತ್ತುವ ಕಲ್ಲಿನ ಮೆಟ್ಟಿಲು. ಮೆಟ್ಟಿಲ ತುದಿಯಲ್ಲಿ ಮೇಲ್ವಿಚಾರಕರು ನಿಂತಿದ್ದರು, ಮಣಿಕಟ್ಟು ಎದೆಯ ಮಟ್ಟಕ್ಕೆ ಎತ್ತಿಕೊಂಡು.

ಚಿಕ್ಕವಳು ಗಾಡಿ ನಿಲ್ಲಿಸಿದಳು. ಗುಂಡಿ ಒತ್ತಿದಳು.

ತಳದ ಸ್ವರದಿಂದ ಲೋಟ ಹೊರಟಿತು. ಗೊಂಚಲು, ಡ್ರಮ್ಮು, ಗೊಂಚಲು, ಡ್ರಮ್ಮು. ಕಿಟಕಿಗಳಲ್ಲಿ ಒಂದೆರಡು ತಲೆ ಕಂಡವು. ಶನಿವಾರದ ಬ್ರಷ್ಷಿನ ಹೆಂಗಸು ಇವತ್ತೂ ಬ್ರಷ್ಷಿನ ಜೊತೆಗೇ ಬಂದು ನಿಂತಳು. ಮೂರು ಸ್ವರ ಮೇಲಕ್ಕೆ, ಮೇಲಕ್ಕೆ, ಇನ್ನೂ ಮೇಲಕ್ಕೆ ಹೋದವು. ನಿಂತವು.

ಬೀದಿ ಕಾಯಿತು. ಮೇಲ್ವಿಚಾರಕರು ಗಡಿಯಾರ ನೋಡಿದರು. ಚಿಕ್ಕವಳ ಹೆಬ್ಬೆರಳು ಗುಂಡಿಯ ಕಡೆ ಹೋಯಿತು. ದೊಡ್ಡವಳು ಅವಳ ಕೈಯನ್ನು ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಅಕ್ಕಾ, ಯಾರೂ..."

"ಸುಮ್ನಿರು."

ಬ್ರಷ್ಷಿನ ಹೆಂಗಸು ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಗಾಡಿಯನ್ನು ನೋಡಿದಳು. ಒಳಗೆ ಹೋದಳು. ಎದುರು ಮನೆಯಲ್ಲಿ ಯಾರೋ, "ಏನಾಯ್ತು ಅದಕ್ಕೆ, ನಿಂತ್ಹೋಯ್ತಾ?" ಅಂದರು. ಎಲ್ಲೋ ಒಂದು ಚಿಲಕ ಸರಿಯಿತು. ಮತ್ತೊಂದು. ಮೆಟ್ಟಿಲುಗಳ ಮೇಲೆ ಚಪ್ಪಲಿಗಳು ಪಟಪಟ ಇಳಿಯತೊಡಗಿದವು. ಬ್ರಷ್ಷಿನ ಹೆಂಗಸು ಮೊದಲು ಬಂದಳು, ಎರಡು ಕೈಯಲ್ಲೂ ಚೀಲ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಪೆಟ್ಟಿಗೆಯ ಕಡೆ ಕೈ ಮಾಡಿ ಏನೋ ಕೇಳಿದಳು. ಅವಳ ಹಿಂದೆ ಮೇಷ್ಟ್ರು. ಅವರ ಹಿಂದೆ ಅರ್ಧ ಗಲ್ಲಕ್ಕೆ ಸೋಪು ಬಳಿದುಕೊಂಡ ಗಂಡಸು. ಬಂದವರ ಕಾಲಸದ್ದು ಕೇಳಿ ಉಳಿದವರೂ ಬಂದರು. ಚಿಕ್ಕವಳು ಆಗಲೇ ಕೆಳಗೆ ಹಾರಿ ಚೀಲ ತೆಗೆದುಕೊಳ್ಳುತ್ತಿದ್ದಳು.

ಗುಂಪು ಕರಗಿದಾಗ ಮೇಲ್ವಿಚಾರಕರು ಗಾಡಿಯ ಬಾಗಿಲ ಹತ್ತಿರ ನಿಂತಿದ್ದರು.

"ಏನಮ್ಮ, ಹೊಸ ಹಾಡೂ ಕೆಟ್ಟು ನಿಂತ್ಹೋಯ್ತಾ?"

"ಇಲ್ಲ ಸಾರ್, ಅದು ಅಷ್ಟೇ."

"ಅಷ್ಟೇ ಅಂದ್ರೆ? ಮುಗೀಲೇ ಇಲ್ವಲ್ಲ."

"ನೀವು ಮೆಟ್ಟಿಲ ತುದೀಲಿ ನಿಂತಿದ್ರಿ ಸಾರ್" ಅಂದಳು ದೊಡ್ಡವಳು ಒಳಗಿನಿಂದ. "ಇಳಿದು ಇಲ್ಲಿವರೆಗೆ ಬಂದ್ರಲ್ಲ."

ಅವರು ಹಿಂತಿರುಗಿ ಮೆಟ್ಟಿಲುಗಳನ್ನು ನೋಡಿದರು. ಬೀದಿಯ ಮೂಲೆಯನ್ನು ನೋಡಿದರು. ಅಲ್ಲಿ ಒಂದು ಬೆಕ್ಕು ಬಿಟ್ಟರೆ ಬೇರೇನಿರಲಿಲ್ಲ. ಕೊನೆಗೆ ಗಡಿಯಾರ. ಕಿಸೆಯಿಂದ ಪೆನ್ನು ತೆಗೆದು ಪುಸ್ತಕದಲ್ಲಿ ಏನೋ ಬರೆದು, "ಹೊರಡು, ನಿನ್ನ ಮುಂದಿನ ಬೀದಿಗೆ ತಡ ಆಗುತ್ತೆ" ಅಂದರು. ನಿನ್ನ ಬೀದಿ ಎಂದದ್ದನ್ನು ಅಕ್ಕತಂಗಿಯರಿಬ್ಬರೂ ಕೇಳಿಸಿಕೊಂಡರು.

ಅಕ್ಕತಂಗಿಯರ ಮನೆಯಿದ್ದದ್ದು ಹನ್ನೊಂದನೆಯ ಬೀದಿಯಲ್ಲಿ. ಚಿಕ್ಕವಳು ಗುಂಡಿ ಒತ್ತಿದಳು, ಕೈ ತಾನಾಗಿಯೇ ಕಟ್ಟಿಕೊಂಡಳು. ಹಾಡು ಮೇಲಕ್ಕೆ ಹೋಗಿ ನಿಂತಿತು. ಮನೆಮನೆಯಿಂದ ಜನ ಇಳಿದರು, ಚೀಲ ಕೊಟ್ಟರು, ಪೆಟ್ಟಿಗೆಯನ್ನು ಅನುಮಾನದಿಂದ ನೋಡಿದರು, ಹೋದರು. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಅವರ ಕಟ್ಟಡದ ಬಾಗಿಲು ತೆರೆಯಿತು.

ಮಾವ. ಬನಿಯನ್ನು, ಎಡಬಲ ಅದಲುಬದಲಾದ ಚಪ್ಪಲಿ, ಮೂರು ಮಹಡಿ ಇಳಿದ ಏದುಸಿರು. ಯಾರ ಮುಖವನ್ನೂ ನೋಡದೆ ನೇರ ಗಾಡಿಯ ಹತ್ತಿರ ಬಂದು, ತಗಡಿನ ಮೈಗೆ ಅಂಗೈ ಅಗಲಿಸಿ ಒಂದೇ ಏಟು ಕೊಟ್ಟರು.

ಢಮ್.

"ಹಾಂ" ಅಂದರು. ಭುಜ ಕೆಳಗಿಳಿಯಿತು. "ಈಗ ಹೊರಡಿ."

ಚಿಕ್ಕವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಮಾವ, ಕಸ ಎಲ್ಲಿ?"

ಮಾವ ತಮ್ಮ ಖಾಲಿ ಕೈಗಳನ್ನು ನೋಡಿಕೊಂಡರು.

"ಯಾವ ಕಸ?"